ಮಡುವಿನ ಬೇಲಿ

ಗುಡ್ಡದ ಗವಿಯಲ್ಲಿ ಒಬ್ಬ ಅಜ್ಜ ಇದ್ದ. ಊರವರು ಅವನನ್ನು ಗವಿಯಜ್ಜ ಎನ್ನುತ್ತಿದ್ದರು. ಅವನಿಗೆ ಒಬ್ಬನೇ ಶಿಷ್ಯ, ಕಲಿನಾಥ.

ಅಜ್ಜನ ಮಾತು ಕಡಿಮೆ. ಆ ಕೊರತೆಯನ್ನು ಶಿಷ್ಯ ತುಂಬುತ್ತಿದ್ದ.

ಗವಿಯ ಕೆಳಗೆ ಹಳ್ಳ. ಹಳ್ಳದ ತಿರುವಿನಲ್ಲಿ, ಬಂಡೆಗಳ ನಡುವೆ ಒಂದು ಮಡು. ಬೇಸಿಗೆಯಲ್ಲೂ ಎರಡಾಳು ನೀರು. ಊರಿನ ಗಂಡು ಹೆಣ್ಣು ಎಲ್ಲರೂ ಈಜು ಕಲಿತದ್ದು ಅಲ್ಲೇ.

ಹನ್ನೆರಡು ವರ್ಷದ ಹಿಂದೆ ಊರಗೌಡ ದೇವನಗೌಡನ ಒಬ್ಬನೇ ಮಗ ಅದರಲ್ಲಿ ಮುಳುಗಿ ಸತ್ತ. ದಿನಕರ್ಮ ಮುಗಿದ ಮೇಲೆ ಗೌಡ ಮಡುವಿನ ಸುತ್ತ ಜಾಲಿಮುಳ್ಳಿನ ಬೇಲಿ ಹಾಕಿಸಿದ. ಡಂಗುರ ಸಾರಿಸಿದ. ಮಡುವಿಗೆ ಇಳಿದವರಿಗೆ ಊರಲ್ಲಿ ಕಾಳಿಲ್ಲ, ಕಟ್ಟಿಗೆಯಿಲ್ಲ.

ಜನ ಒಪ್ಪಿದರು. ಅರ್ಧ ಹೆದರಿಕೆ, ಅರ್ಧ ಕನಿಕರ.

ಅಜ್ಜ ಒಪ್ಪಲಿಲ್ಲ. ದಿನವೂ ಕವೆಗೋಲಿನಿಂದ ಒಂದು ಮುಳ್ಳುಕೊಂಬೆ ಸರಿಸಿ ಒಳಗೆ ಹೋಗುತ್ತಿದ್ದ. ಈಜುತ್ತಿದ್ದ. ಹೊರಗೆ ಬಂದು ಕೊಂಬೆಯನ್ನು ಮತ್ತೆ ಎಳೆದಿಡುತ್ತಿದ್ದ. ಸನ್ಯಾಸಿಗೆ ಯಾವ ಬೇಲಿ ಎಂದು ಗೌಡ ಕಂಡೂ ಕಾಣದಂತಿದ್ದ.

ಶಿಷ್ಯ ಬೇಲಿಯ ಹೊರಗೆ, ಹಳ್ಳದ ತೆಳುನೀರಿನಲ್ಲಿ, ತಂಬಿಗೆಯಿಂದ ಮೀಯುತ್ತಿದ್ದ.

ಒಂದು ಮಳೆಗಾಲ ಹಳ್ಳ ಉಕ್ಕಿತು. ದಾಟುವಾಗ ನೇಕಾರರ ಈರಣ್ಣನ ಕಾಲು ಜಾರಿತು. ಇಪ್ಪತ್ತರ ಹುಡುಗ. ದಂಡೆಯಲ್ಲಿ ಅವನ ವಾರಿಗೆಯ ಗಟ್ಟಿಮುಟ್ಟಾದ ಹುಡುಗರು ನಿಂತಿದ್ದರು. ಕೂಗಿದರು. ಹಗ್ಗ ತರಲು ಓಡಿದರು. ಹಗ್ಗ ಬರುವಷ್ಟರಲ್ಲಿ ಈರಣ್ಣ ಕೊಚ್ಚಿಹೋಗಿದ್ದ. ನೀರಿಗೆ ಇಳಿದವರು ಯಾರೂ ಇಲ್ಲ. ಬೇಲಿ ಬಿದ್ದ ಮೇಲೆ ಬೆಳೆದವರು, ಯಾರಿಗೂ ಈಜು ಬರುತ್ತಿರಲಿಲ್ಲ.

ಆ ದಂಡೆಯಲ್ಲಿ ಕಲಿನಾಥನೂ ಇದ್ದ.

ಅಲ್ಲಿಂದ ನೇರ ಗವಿಗೆ ಬಂದ.

“ಅಜ್ಜಾರ, ಈ ಬೇಲಿ ಸುಡತೀನಿ.”

“ಹೂಂ.”

“ಗೌಡನ ಎದುರಿಗೆ, ಊರೆಲ್ಲ ನೋಡೂಹಂಗ, ಮಡುವಿಗೆ ಹಾರತೀನಿ.”

“ಈಜಾಕ ಬರತೈತೇನು?”

ಶಿಷ್ಯ ನೆಲ ನೋಡಿದ. “ಇಲ್ರಿ.”

“ಹಂಗಾದ್ರ ಊರಿಗೆ ಇನ್ನೊಂದು ಹೆಣ.”

ಶಿಷ್ಯನಿಗೆ ಸಿಟ್ಟು ಬಂತು. “ನೀವರ ಯಾಕ ಸುಮ್ಮನಿದ್ರಿ? ಹನ್ನೆರಡು ವರ್ಷ!”

“ಹನ್ನೆರಡು ವರ್ಷ ದಿನಾ ಇಳದೀನಿ. ನೀ ಯಾಕ ಬರಲಿಲ್ಲ?”

“ಗೌಡರ ಅಪ್ಪಣೆ ಇರಲಿಲ್ಲಲ್ರಿ.”

ಅಂದದ್ದು ಅವನ ಕಿವಿಗೇ ಬಿತ್ತು.

ಅಜ್ಜ ಎದ್ದ. ಗೂಟಕ್ಕೆ ಎರಡು ಒಣ ಸೋರೆಬುರುಡೆ ನೇತುಬಿದ್ದಿದ್ದವು. ಒಳಗೆ ಬಿತ್ತನೆಯ ಹುರುಳಿ. ಹುರುಳಿಯನ್ನು ಬುಟ್ಟಿಗೆ ಸುರಿದ. ಬುರುಡೆಗಳ ಬಾಯಿಗೆ ಬೂಚು ಜಡಿದ. ಎರಡನ್ನೂ ಒಂದು ಹಗ್ಗಕ್ಕೆ ಬಿಗಿದು ಶಿಷ್ಯನ ಮುಂದೆ ಎಸೆದ.

“ಅಜ್ಜಾರ, ಇದು ಸಣ್ಣ ಹುಡುಗರು ಸೊಂಟಕ್ಕ ಕಟ್ಟಿಕೊಳ್ಳೂದು. ನನಗ ಮೀಸಿ ಬಂದಾವು.”

“ಮೀಸಿ ತೇಲಸೂದಿಲ್ಲ.”

“ರಾತ್ರಿ ಕಲೀತೀನಿ. ಯಾರೂ ಇಲ್ಲದಾಗ.”

“ಕಳ್ಳತನ ನನಗ ಬರೂದಿಲ್ಲ. ಕಲಿಸಾಕ ಆಗೂದಿಲ್ಲ.”

“ಮಂದಿ ನಗತಾರ್ರಿ.”

“ನಗಲಿ.”

ನೆರೆ ಇಳಿಯಿತು. ಸಂತೆಯ ದಿನ, ಜನ ಓಡಾಡುವ ಹೊತ್ತಿಗೆ, ಅಜ್ಜ ಶಿಷ್ಯನನ್ನು ಕರೆದುಕೊಂಡು ಇಳಿದ. ಕವೆಗೋಲಿನಿಂದ ಮುಳ್ಳುಕೊಂಬೆ ಸರಿಸಿದ. ಇಬ್ಬರೂ ಒಳಗೆ ಹೋದರು.

ಆ ದಿನ ಕೊಂಬೆಯನ್ನು ಮತ್ತೆ ಎಳೆಯಲಿಲ್ಲ.

ಕಲಿನಾಥ ನೀರಿಗೆ ಇಳಿದ. ಬುರುಡೆಗಳು ಮೇಲೆದ್ದವು. ಅವನ ಸೊಂಟ ಮೇಲಕ್ಕೆ, ತಲೆ ಕೆಳಕ್ಕೆ. ನೀರು ಕುಡಿದ. ಕೆಮ್ಮಿದ. ಕೈ ಬಡಿದ. ಇದ್ದಲ್ಲೇ ಸುತ್ತು ಹೊಡೆದ.

ಸಂತೆಗೆ ಹೊರಟವರು ನಿಂತರು. ಬೇಲಿಗೆ ಮುಖವಿಟ್ಟು ನೋಡಿದರು.

“ಕಲಿನಾಥಪ್ಪಾ, ಬುರುಡಿ ಛಲೋ ಈಜಾಕ ಹತ್ತ್ಯಾವು. ನೀ ಯಾವಾಗ ಚಾಲೂ ಮಾಡ್ತಿ?”

“ಎಮ್ಮಿ ನೋಡಿ ಕಲೀಪಾ! ಅದಕ್ಕ ಯಾವ ಬುರುಡಿ?”

ನಗು ಬಂಡೆಗೆ ಬಡಿದು ತಿರುಗಿ ಬಂತು. ಸರಿಯಾಗಿ ಕಾಣುತ್ತಿಲ್ಲವೆಂದು ಒಬ್ಬ ಸಂದಿಯಿಂದ ಒಳಗೆ ಬಂದ. ಅವನ ಹಿಂದೆ ಇನ್ನೊಬ್ಬ.

ಆಮೇಲೆ ತಿಪ್ಪವ್ವ ಬಂದಳು. ಈರಣ್ಣನ ತಾಯಿ. ಜನ ದಾರಿ ಬಿಟ್ಟರು. ಅವಳು ಬಂಡೆಯ ಅಂಚಿಗೆ ಹೋಗಿ ಕುಕ್ಕರಗಾಲಲ್ಲಿ ಕೂತಳು.

“ಲೇ ಕಲಿನಾಥಾ, ಕಾಲು ಮಡಚಬ್ಯಾಡ. ರೊಟ್ಟಿ ಬಡದಂಗ ಬಡಿ. ತಟ್, ತಟ್, ತಟ್. ನೀರಿನ ಕೂಡ ಜಗಳ ಆಡಬ್ಯಾಡ.”

ಹಿಂದೆ ಒಬ್ಬ ಕಿಸಕ್ಕೆಂದ. ತಿಪ್ಪವ್ವ ತಿರುಗಿದಳು.

“ನಗಪಾ, ನಗು. ಅವತ್ತ ದಂಡಿಮ್ಯಾಲೆ ನಿಂತಿದ್ದೆಲ್ಲ? ನೀರಿಗೆ ಇಳೀಲಿಲ್ಲ. ಇವತ್ತ ನಗಾಕರ ಇಳಿ.”

ನಕ್ಕವನು ಬೆವರು ಒರೆಸಿಕೊಂಡ. ಸ್ವಲ್ಪ ಹೊತ್ತಿಗೆ ಚಪ್ಪಲಿ ಬಿಟ್ಟು, ಧೋತರ ಮೇಲೆ ಕಟ್ಟಿ, ಮೊಣಕಾಲುದ್ದದ ನೀರಲ್ಲಿ ಬಂದು ನಿಂತ.

ಕಲಿನಾಥ ಮೇಲೆ ಬಂದಾಗ ತುಟಿ ನೀಲಿಯಾಗಿತ್ತು. ಅಜ್ಜನ ಹತ್ತಿರ ಹೋಗಿ ಹಲ್ಲು ಕಚ್ಚಿ ಹೇಳಿದ:

“ಗೌಡನ ಎದುರು ನಿಲ್ಲಾಕ ಬಂದಿದ್ದೆ. ಮಂದಿ ಮುಂದ ನನ್ನ ಸೋಂಗು ಮಾಡಿ ನಗಿಸಿಬಿಟ್ರಿ.”

“ಬೇಲಿ ಎಲ್ಲೈತಿ ನೋಡು.”

ಶಿಷ್ಯ ತಿರುಗಿ ನೋಡಿದ. ನೋಡಲು ಬಂದವರೆಲ್ಲ ಒಳಗಿದ್ದರು. ಬೇಲಿ ಅವರ ಬೆನ್ನ ಹಿಂದೆ ಇತ್ತು.

ಮರುದಿನ ದೇವನಗೌಡ ಬಂದ. ಕೈಯಲ್ಲಿ ಬೆತ್ತ. ಅವನನ್ನು ಕಂಡದ್ದೇ ಜನ ಸಂದಿಯಿಂದ ಹೊರಗೆ ನುಗ್ಗಿದರು. ನೀರಲ್ಲಿ ಶಿಷ್ಯ, ಬಂಡೆಯ ಮೇಲೆ ಅಜ್ಜ, ಇಬ್ಬರೇ ಉಳಿದರು.

“ಅಜ್ಜಾರ, ನನ್ನ ಮಗ ಇಲ್ಲಿ ಸತ್ತಾನ.”

“ಗೊತ್ತೈತಿ.”

“ಗೊತ್ತಿದ್ದೂ ಇಲ್ಲಿ ಜಾತ್ರಿ ಮಾಡಸ್ತೀರಿ?”

“ಮಗಗ ಈಜು ಕಲಿಸಿದ್ದಿಯೇನು?”

ಗೌಡ ಬೆತ್ತ ನೆಲಕ್ಕೆ ಊರಿದ. “ಇದ್ದಾಂವ ಒಬ್ಬನೇ ಮಗ. ನೀರಿನ ಹತ್ತಿರ ಬಿಟ್ಟಿದ್ದಿಲ್ಲ ನಾ.”

“ಅದಕ್ಕ ಕದ್ದು ಬಂದ.”

ಗೌಡ ನೀರಿನಿಂದ ಮುಖ ತಿರುಗಿಸಿದ.

“ಮೊದಲನೇ ಬೇಲಿ ಅಂವಗ ಹಾಕಿದಿ. ಎರಡನೇದು ಊರಿಗೆ. ಈರಣ್ಣ ಹೋದ.”

ಗೌಡನ ಮುಖ ಕಪ್ಪಾಯಿತು. “ಇವತ್ತಿಂದ ಗವಿಗೆ ಕಾಳಿಲ್ಲ, ಕಟ್ಟಿಗಿಲ್ಲ. ಅಜ್ಜಾರು ಅಂತ ಬಿಡೂದಿಲ್ಲ.” ನೀರಿನ ಕಡೆ ಬೆತ್ತ ಚಾಚಿದ. “ಲೇ, ನೀ ಹೊರಗ ಬಾ. ಕಾಲಿಗೆ ಬಿದ್ದು ಹೋಗು. ನಿನ್ನ ತಪ್ಪು ಮನ್ನಾ.”

ಶಿಷ್ಯ ಅಜ್ಜನ ಕಡೆ ನೋಡಿದ. ಅಜ್ಜ ನೀರು ನೋಡುತ್ತಿದ್ದ.

ಈ ಗಳಿಗೆಗೆಂದು ಕಲಿನಾಥ ದೊಡ್ಡ ದೊಡ್ಡ ಮಾತು ಕೂಡಿಟ್ಟಿದ್ದ. ಒಂದೂ ನೆನಪಾಗಲಿಲ್ಲ.

“ಬರೂದಿಲ್ಲ, ಗೌಡ್ರ,” ಎಂದ. “ಇನ್ನೂ ಕಾಲು ಸರಿ ಆಗಿಲ್ಲ.”

ತಟ್, ತಟ್, ತಟ್ ಎಂದು ಬಡಿಯತೊಡಗಿದ. ನೀರು ಗೌಡನ ಧೋತರಕ್ಕೆ ಸಿಡಿಯಿತು.

ಅಂದಿನಿಂದ ಗವಿಗೆ ಭಿಕ್ಷೆ ನಿಂತಿತು.

“ಒಲೀಗೆ ಕಟ್ಟಿಗಿ ಇಲ್ರಿ,” ಎಂದ ಶಿಷ್ಯ.

ಅಜ್ಜ ಕವೆಗೋಲು ತೆಗೆದುಕೊಂಡು ಇಳಿದು ಹೋದ. ಬೇಲಿಯಿಂದ ಒಂದು ಜಾಲಿಕೊಂಬೆ ಎಳೆದು ತಂದ.

“ಗೌಡ ಛಲೋ ಒಣಗಿಸ್ಯಾನ,” ಎಂದ.

ಬುಟ್ಟಿಯ ಹುರುಳಿ ಬೇಯಲಿಟ್ಟರು.

“ಬಿತ್ತಾಕ ಇಟ್ಟಿದ್ದಲ್ರಿ?”

“ಹಸಿದವ ಈಜೂದಿಲ್ಲ. ತಿನ್ನು.”

ದಿನಕ್ಕೊಂದು ಕೊಂಬೆ ಒಲೆಗೆ ಬಂತು. ದಿನದಿನಕ್ಕೂ ಸಂದಿ ಅಗಲವಾಯಿತು. ಮೊದಲು ಒಬ್ಬರು, ಆಮೇಲೆ ನಾಕಾರು ಮಂದಿ, ಮನೆಯಲ್ಲಿದ್ದ ಬುರುಡೆಗಳನ್ನು ತಂದು ಸೊಂಟಕ್ಕೆ ಕಟ್ಟಿಕೊಂಡು ಇಳಿದರು. ನಕ್ಕವರೇ ಮುಳುಗಿದರು. ಮುಳುಗಿದವರನ್ನು ನೋಡಿ ಕಲಿನಾಥ ನಕ್ಕ.

ತಿಪ್ಪವ್ವ ನಡುಹಗಲಲ್ಲೇ ರೊಟ್ಟಿಗಂಟು ಹೊತ್ತು ಗವಿ ಹತ್ತಿದಳು.

“ಯಕ್ಕಾ, ಗೌಡ ನೋಡಿದ್ರ?” ಎಂದ ಶಿಷ್ಯ.

“ನೋಡಲಿ. ನನ್ನ ಹತ್ತಿರ ಕಸಗೊಳ್ಳಾಕ ಇನ್ನೇನು ಉಳದೈತಿ?”

ಹುರುಳಿ ತೀರುವ ಹೊತ್ತಿಗೆ ಬೇಲಿ ಅರ್ಧ ಉಳಿದಿತ್ತು. ಕಲಿನಾಥ ಬುರುಡೆ ಬಿಚ್ಚಿ ಅಜ್ಜನ ಪಕ್ಕ ಇಟ್ಟ. ಈ ಬಂಡೆಯಿಂದ ಆ ಬಂಡೆಗೆ ಈಜಿದ. ತಿರುಗಿ ಬಂದ.

ಅಜ್ಜ ಒಣ ಬಟ್ಟೆ ಕೊಟ್ಟ.

ಅದೇ ದಿನ ದೇವನಗೌಡ ಮತ್ತೆ ಬಂದ. ಮಡುವಿನ ತುಂಬ ಜನ. ಕೆಲವರು ಗಡಬಡಿಸಿ ದಂಡೆಗೆ ಕೈ ಚಾಚಿದರು.

“ಯಾರೂ ಏಳಬ್ಯಾಡ್ರಿ!” ಕಲಿನಾಥ ಕೂಗಿದ.

ಯಾರೂ ಏಳಲಿಲ್ಲ.

ಗೌಡನ ಕೈಯಲ್ಲಿ ಬೆತ್ತ ಇರಲಿಲ್ಲ. ಅವನು ಯಾರನ್ನೂ ಬೈಯಲಿಲ್ಲ. ಅಜ್ಜನ ಪಕ್ಕ ಬಂಡೆಯ ಮೇಲೆ ಕೂತ.

“ಅಂವ ಎಲ್ಲಿ ಮುಳುಗಿದ್ದ?”

ಅಜ್ಜ ಆಚೆಯ ಕರಿಬಂಡೆ ತೋರಿಸಿದ. ಅದರ ಬುಡದಲ್ಲಿ ನೀರು ಹಸಿರಾಗಿತ್ತು.

“ಆ ಜಾಗ ಒಮ್ಮಿ ಮುಟ್ಟಬೇಕ್ರಿ,” ಎಂದ ಗೌಡ. “ಹನ್ನೆರಡು ವರ್ಷ ಆತು. ಮಡು ದೂರದಿಂದನ ನೋಡೀನಿ.”

“ಈಜಾಕ ಬರತೈತೇನು?”

ಗೌಡ ತಲೆ ಅಲ್ಲಾಡಿಸಿದ. “ನಮ್ಮಪ್ಪನೂ ನನ್ನ ನೀರಿಗೆ ಬಿಟ್ಟಿದ್ದಿಲ್ಲ.”

ಶಿಷ್ಯನ ಬಾಯಿಗೆ ಒಂದು ಮಾತು ಬಂದಿತ್ತು. ಅಜ್ಜ ಅವನತ್ತ ನೋಡಿದ. ಮಾತು ಅಲ್ಲೇ ನಿಂತಿತು.

ಅಜ್ಜ ಪಕ್ಕದಲ್ಲಿದ್ದ ಬುರುಡೆಗಳನ್ನು ಎತ್ತಿಕೊಂಡ. ಹಗ್ಗವನ್ನು ಗೌಡನ ಸೊಂಟಕ್ಕೆ ಸುತ್ತಿದ.

ಗೌಡ ಬುರುಡೆ ನೋಡಿಕೊಂಡ. ನೀರಿನಿಂದ ತನ್ನನ್ನೇ ನೋಡುತ್ತಿದ್ದ ಅಷ್ಟೂ ತಲೆಗಳನ್ನು ನೋಡಿದ. ದನಿ ತಗ್ಗಿಸಿದ.

“ಮಂದಿ ನಗತಾರ, ಅಜ್ಜಾರ.”

ಅಜ್ಜ ಗಂಟು ಬಿಗಿದ.

“ನಗಲಿ.”