ರದ್ದಾದ ಮದುವೆ

ಮಂಗಟ್ಟೆ ಹಕ್ಕಿ ದಂಪತಿ ಮರದ ಪೊಟರೆಯ ಬಾಯಿಯನ್ನು ಕೆಸರಿನಿಂದ ಮುಚ್ಚಿದರು. ಹೆಣ್ಣು ಒಳಗೇ ಉಳಿದು, ರೆಕ್ಕೆಯ ಗರಿಗಳನ್ನು ಉದುರಿಸಿ ಕಾವಿಗೆ ಕೂತಳು. ಗಂಡು ದಿನವೂ ಸಣ್ಣ ಸಂದಿಯಿಂದ ಅವಳಿಗೆ ಹಣ್ಣು ಉಣಿಸುತ್ತಿದ್ದ. ಒಂದು ದಿನ ಅವನು ಬರಿಗೊಕ್ಕಿನಲ್ಲಿ ಬಂದ.

“ಹಕ್ಕಿಗಳ ಪಂಚಾಯಿತಿ ನಮ್ಮ ಮದುವೆಯನ್ನು ರದ್ದು ಮಾಡಿದೆ,” ಎಂದ.

“ರದ್ದು ಎಂದರೇನು?”

“ಮುರಿಯಿತು ಎಂದಲ್ಲ. ಮದುವೆ ನಡೆದೇ ಇರಲಿಲ್ಲ ಎಂದರ್ಥ.”

“ಹಾಗಾದರೆ ಈ ಗೋಡೆ ಕಟ್ಟಿದವರು ಯಾರು? ಈ ಮೊಟ್ಟೆಗಳು ಯಾರವು?”

“ನಡೆಯದೇ ಇದ್ದುದರ ಬಗ್ಗೆ ನಾನೇನು ಹೇಳಲಿ?” ಎಂದು ಅವನು ಹಾರಿಹೋದ.

ಅವಳು ಗೋಡೆಯನ್ನು ಕುಕ್ಕಿದಳು. ಒಣಗಿದ ಕೆಸರು ಕಲ್ಲಾಗಿತ್ತು. ಅದು ಕುಸಿದರೂ ಹಾರಲು ಅವಳಿಗೆ ಗರಿಗಳಿರಲಿಲ್ಲ. ಸಂಜೆಯವರೆಗೂ ಸಂದಿಯಿಂದ ಕೊಕ್ಕು ಚಾಚಿ ಕಾದಳು. ಅಷ್ಟರಲ್ಲಿ ಅವಳ ಹೊಟ್ಟೆಯಡಿ ಮೊಟ್ಟೆಯೊಂದು ಒಡೆಯಿತು. ಮರಿ ತುತ್ತಿಗಾಗಿ ಬಾಯಿ ತೆರೆಯಿತು.