ಹರಿಗೋಲಿನವನು ಹೇಳಿದ ಸುಳ್ಳು

ಎಲ್ಲರ ಎದೆಯೊಳಗೂ ಕುಳಿತು ಎಲ್ಲವನ್ನೂ ಕಾಣುವ ಆ ದಯಾಮಯನಿಗೆ ಕೈಮುಗಿದು ಈ ಕತೆ ಹೇಳುತ್ತೇನೆ.

ಒಬ್ಬ ಶಿಷ್ಯ ಗುರುವನ್ನು ಕೇಳಿದ: "ಗುರುಗಳೇ, ಯಾರಿಗೂ ಗೊತ್ತಾಗದ ತಪ್ಪನ್ನು ಹೇಳಿಕೊಳ್ಳಲೇಬೇಕೆ? ಒಳಗೊಳಗೇ ಮರುಗಿ, ನಾಲ್ಕು ಒಳ್ಳೆಯ ಕೆಲಸ ಮಾಡಿದರೆ ಸಾಲದೆ?"

ಗುರು ಹೇಳಿದರು:

ಒಂದು ಹೊಳೆಯ ದಡದಲ್ಲಿ ಒಬ್ಬ ಅಂಬಿಗನಿದ್ದ. ಹರಿಗೋಲು ನಡೆಸುತ್ತಿದ್ದ. ಹರಿಗೋಲೆಂದರೆ ದೊಡ್ಡ ಬಿದಿರಿನ ಬುಟ್ಟಿ, ಅದಕ್ಕೆ ಹೊದಿಸಿದ ತೊಗಲು. ದಿನವೂ ನೀರಿಗಿಳಿಸುವ ಮುನ್ನ ಅದನ್ನು ಬೋರಲಾಗಿ ತಲೆಯ ಮೇಲೆತ್ತಿ ಬಿಸಿಲಿನಲ್ಲಿ ನಿಲ್ಲಬೇಕು. ಒಳಗಿನಿಂದ ಸೂಜಿಮೊನೆಯಷ್ಟು ಬೆಳಕು ಕಂಡರೂ ಆ ದಿನ ಹೊಳೆಗಿಳಿಯಬಾರದು. ಅದು ಅಂಬಿಗರ ಕಟ್ಟಳೆ.

ಒಂದು ಬೆಳಗ್ಗೆ ಬಳೆಗಾರತಿಯೊಬ್ಬಳು ಮೂರು ವರ್ಷದ ಮಗಳನ್ನು ತಂಗಿಯ ಮನೆಯಲ್ಲಿ ಬಿಟ್ಟು, ಬಳೆಯ ಗಂಟು ಹೊತ್ತು ಬಂದಳು.

"ಬೆಳಕು ನೋಡಿದೆಯಾ, ಅಣ್ಣಾ?" ಎಂದಳು.

"ನಿನ್ನೆ ನೋಡಿದ್ದೇ ಇವತ್ತಿಗೂ ಆಯಿತು. ಯಾಕೆ, ಬಳೆ ನೆನೆದಾವೆಂದು ಹೆದರಿಕೆಯೇ? ಕೂತುಕೋ, ತಂಗಿ" ಎಂದು ನಕ್ಕ.

ನಡುಹೊಳೆಯಲ್ಲಿ ತಳ ಬಿರಿಯಿತು. ಅಂಬಿಗ ಈಜಿ ದಡ ಸೇರಿದ. ಅವಳು ಸೇರಲಿಲ್ಲ. ಓಡಿಬಂದ ಜನರಿಗೆ ಅವನು, "ಬಳೆಯ ಗಂಟು ಜಾರಿತು. ಹಿಡಿಯಲು ಎದ್ದು ನಿಂತಳು. ಹರಿಗೋಲು ಮಗುಚಿತು" ಎಂದ. ಕಂಡವರು ಬೇರೆ ಯಾರೂ ಇರಲಿಲ್ಲ. ಎಲ್ಲರೂ ನಂಬಿದರು.

ಅಂದಿನಿಂದ ಅವನು ಬೆಳಕು ನೋಡದೆ ಒಮ್ಮೆಯೂ ಹೊಳೆಗಿಳಿಯಲಿಲ್ಲ. ಬಡವರನ್ನು ಪುಕ್ಕಟೆ ದಾಟಿಸಿದ. ವರ್ಷವರ್ಷವೂ ಗಂಗಮ್ಮನ ಪೂಜೆ ಮಾಡಿಸಿದ. ಇಂಥ ಎಚ್ಚರದ ಅಂಬಿಗ ಇನ್ನೊಬ್ಬನಿಲ್ಲವೆಂದು ಊರು ಹೊಗಳಿತು. ಆದರೆ ಹರಿಗೋಲಿನಲ್ಲಿ ಯಾರಾದರೂ ಮಿಸುಕಿದರೆ ಸಾಕು, ಪಕ್ಕದವರು, "ಕೂತ್ಕೊಳ್ಳೇ, ನೀನೂ ಬಳೆಗಾರತಿ ಆಗಬೇಡ!" ಎಂದು ನಗುತ್ತಿದ್ದರು. ದೇವರ ಮುಂದೆ ಕಣ್ಣು ಮುಚ್ಚಿದಾಗಲೂ ಅವನಿಗೆ ಆ ನಗುವೇ ಕೇಳುತ್ತಿತ್ತು.

ಹದಿನಾರು ವರ್ಷ ಕಳೆಯಿತು. ಬಳೆಗಾರತಿಯ ಮಗಳು ಮದುಮಗಳಾದಳು. ಆಚೆ ದಡದ ಗಂಡಿನ ಮನೆಗೆ ದಿಬ್ಬಣದೊಡನೆ ಹೊರಟು ಆ ಅಂಬಿಗನ ಹರಿಗೋಲನ್ನೇ ಹತ್ತಿದಳು. ಕೈಯಲ್ಲಿ ಒಂದು ಬಳೆಯೂ ಇರಲಿಲ್ಲ.

"ಮದುಮಗಳು ಬರಿಗೈಲಿ ಹೋಗುವುದುಂಟೇನೇ? ಬೀಗರು ಏನಂದಾರು?" ಎಂದು ಚಿಕ್ಕಮ್ಮ ಗದರಿದಳು.

"ಅವ್ವನಿಗೆ ನನಗಿಂತ ಬಳೆಯೇ ಹೆಚ್ಚಾಯಿತು, ಚಿಕ್ಕಮ್ಮ. ನನಗೆ ಅವು ಬೇಡ."

ಅಂಬಿಗನ ಕೈಯಲ್ಲಿ ಹುಟ್ಟು ನಿಂತಿತು. ಹೇಳಿದರೆ ನಾಳೆಯಿಂದ ಯಾರೂ ತನ್ನ ಹರಿಗೋಲು ಹತ್ತುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ದೇವರನ್ನು ನೆನೆದು ಮತ್ತೆ ಹುಟ್ಟು ಹಾಕಿದ. ದಿಬ್ಬಣವೆಲ್ಲ ದಡಕ್ಕಿಳಿದ ಮೇಲೆ, ಎಲ್ಲರಿಗೂ ಕೇಳುವಂತೆ ಹೇಳಿದ:

"ನಿಮ್ಮವ್ವ ಎದ್ದು ನಿಲ್ಲಲಿಲ್ಲ, ಮಗಳೇ. ಗಂಟೂ ಜಾರಲಿಲ್ಲ. ಬೆಳಕು ನೋಡಿದೆಯಾ ಎಂದು ಕೇಳಿದಳು. ನಾನು ನೋಡಿರಲಿಲ್ಲ."

ಗಂಡಸರು ಬೈದರು. ಒಬ್ಬ ಕೈ ಎತ್ತಿದ. ಅಂಬಿಗ ನಿಂತಲ್ಲಿಂದ ಕದಲಲಿಲ್ಲ.

ಮಗಳು ಬೈಯಲಿಲ್ಲ. ಮರಳಿನ ಮೇಲೆ ಕುಸಿದು ಕುಳಿತು, "ಹಿರಿಯರ ಹಬ್ಬದಲ್ಲಿ ಒಂದು ವರ್ಷವೂ ನಾನು ಅವ್ವನಿಗೆ ಎಡೆ ಇಡಲಿಲ್ಲ. ಬೇರೆಯವರು ಇಟ್ಟರೆ ಎದ್ದು ಹೊರಗೆ ಹೋಗುತ್ತಿದ್ದೆ" ಎಂದು ಅತ್ತಳು.

ಗುರು ಇಲ್ಲಿಗೆ ಕತೆ ನಿಲ್ಲಿಸಿದರು.

"ಹೇಳಿದ ಮೇಲಾದರೂ ಅಂಬಿಗನ ಎದೆಯ ಭಾರ ಇಳಿಯಿತೇ, ಗುರುಗಳೇ?" ಎಂದು ಶಿಷ್ಯ ಕೇಳಿದ.

"ಅವನದು ಹಾಗಿರಲಿ, ನೀನು ಬಚ್ಚಿಟ್ಟಿರುವುದನ್ನು ಈಗ ಯಾರು ಹೊತ್ತಿದ್ದಾರೆ?" ಎಂದರು ಗುರು.

ಶಿಷ್ಯ ಎದ್ದು ಗುರುವಿಗೆ ಕೈಮುಗಿದು ತನ್ನೂರಿನ ದಾರಿ ಹಿಡಿದ.

ಕೇಳಿದ ನಿಮಗೆಲ್ಲರಿಗೂ ಆಡಬೇಕಾದ ಮಾತನ್ನು ಆಡುವ ಬಲವನ್ನು ದೇವರು ಕೊಡಲಿ. ನೀವೂ ನಿಮ್ಮವರೂ ತಣ್ಣಗಿರಿ.