ಕರಡಿಯ ಐವತ್ತರ ದಿನ

ಹುಣ್ಣಿಮೆಗೆ ಗುಂಡೆತ್ತುವ ಸ್ಪರ್ಧೆ ಎಂದು ಗೊತ್ತಾದಾಗಿನಿಂದ ಗುಡ್ಡದ ಕರಡಿ ಎಲ್ಲವನ್ನೂ ಲೆಕ್ಕ ಹಾಕಿಯೇ ಮಾಡುತ್ತಿತ್ತು. ಸ್ಪರ್ಧೆಯ ಗುಂಡುಕಲ್ಲನ್ನು ನೂರು ಎಂದಿಟ್ಟುಕೊಂಡು, ಮೊದಲ ವಾರ ಅದರ ಶೇಕಡಾ ಅರವತ್ತರಷ್ಟು ತೂಕದ ಕಲ್ಲನ್ನು ಎತ್ತಿತು. ಆಮೇಲೆ ಎಂಬತ್ತು, ಆಮೇಲೆ ತೊಂಬತ್ತು. ಕೊನೆಯ ವಾರ ಮೈಗೆ ಆರಾಮ ಸಿಗಲೆಂದು ಬರೀ ಐವತ್ತು.

ಆ ವಾರವೇ ಮಳೆಗೆ ಮಣ್ಣು ಸಡಿಲವಾಗಿ ಸ್ಪರ್ಧೆಯ ಗುಂಡುಕಲ್ಲು ಉರುಳಿತು. ಉರುಳಿ ತೀರ್ಪುಗಾರನಾದ ಮುದಿ ಆಮೆಯ ಬೆನ್ನ ಮೇಲೆ ಕೂತಿತು.

"ಕರಡಿರಾಯಾ, ಚಿಪ್ಪು ಬಿರುಕು ಬಿಡುತ್ತಿದೆ. ಬೇಗ ಎತ್ತಪ್ಪಾ!" ಎಂದು ಆಮೆ ಕೂಗಿತು.

ಕರಡಿ ಓಡಿ ಬಂತು. ಕಲ್ಲಿಗೆ ಕೈಯನ್ನೂ ಹಚ್ಚಿತು. ಅಷ್ಟರಲ್ಲಿ ಲೆಕ್ಕ ನೆನಪಾಗಿ ಕೈ ಹಿಂದಕ್ಕೆಳೆದುಕೊಂಡಿತು.

"ಅಜ್ಜಾ, ಇದು ಪೂರ್ತಿ ನೂರು. ನನಗೆ ಇವತ್ತು ಐವತ್ತೇ. ಈಗ ಇದನ್ನು ಎತ್ತಿದರೆ ಹುಣ್ಣಿಮೆಯ ಹೊತ್ತಿಗೆ ಮೈ ಸೋತುಹೋಗುತ್ತದೆ."

"ಅಲ್ಲಿಯವರೆಗೆ ನನ್ನ ಗತಿ?"

"ಸ್ವಲ್ಪ ತಡೆದುಕೊಳ್ಳಿ. ಅವತ್ತು ಎತ್ತುವವನು ನಾನೇ."

ಕರಡಿ ಹೋಗಿ ಐವತ್ತರ ಕಲ್ಲನ್ನು ಚಂದವಾಗಿ ಎತ್ತಿಳಿಸಿ ಮಲಗಿತು.

ಹುಣ್ಣಿಮೆಯ ದಿನ ಅದು ಉಬ್ಬಿದ ತೋಳು ನೀವಿಕೊಳ್ಳುತ್ತ ಬಯಲಿಗೆ ಬಂದರೆ, ಅಲ್ಲಿದ್ದದ್ದು ಚಿಪ್ಪಿಗೆ ಅಂಟು ಮೆತ್ತಿಕೊಂಡ ಆಮೆ ಒಂದೇ.

"ಸ್ಪರ್ಧೆ ಎಲ್ಲಿ, ಅಜ್ಜಾ?"

"ಮುಗಿಯಿತಪ್ಪ. ನೀನು ಹೋದ ಮೇಲೆ ಆ ದಾರಿಯಲ್ಲಿ ಬಂದ ಕಾಡುಹಂದಿ ನನ್ನ ಕೂಗು ಕೇಳಿ ಕಲ್ಲು ಎತ್ತಿತು. ತೀರ್ಪುಗಾರ ನಾನು ಕೆಳಗೇ ಇದ್ದೆನಲ್ಲ, ಹತ್ತಿರದಿಂದಲೇ ನೋಡಿದೆ. ಬಹುಮಾನದ ಜೇನುಹುಟ್ಟನ್ನು ಅದಕ್ಕೇ ಕೊಟ್ಟೆ."

ಕರಡಿ ಮುಖ ಸಣ್ಣದು ಮಾಡಿಕೊಂಡು ಬೆರಳು ಮಡಚಿ ಲೆಕ್ಕ ಹಾಕಿತು.

"ಅಜ್ಜಾ," ಎಂದು ಕೊನೆಗೆ ಕೇಳಿತು, "ಹಂದಿಯ ಲೆಕ್ಕದಲ್ಲಿ ಅವತ್ತು ಶೇಕಡಾ ಎಷ್ಟಿತ್ತು?"